ಚಹಾ ಗುಡ್ಡದ ಸಮಾಧಿ

ಶಹಾಪುರ, ಇಚಲಕರಂಜಿ
೨೮ ಡಿಸೆಂಬರ್ ೨೦೨೫, ರವಿವಾರ

ಚಿ. ಸೌ. ವೃಷಾಲಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಈಗ ಮಧ್ಯಾಹ್ನ ಮೂರು ಗಂಟೆ. ಮುಂಜಾನೆಯ ಪಾಳಿ ಮುಗಿಸಿ ಬಂದು ಊಟ ಮಾಡಿ ಕುಳಿತಿದ್ದೇನೆ. ಇವತ್ತು ಶೆಡ್ಡಿನಲ್ಲಿ ಎರಡು ಮಗ್ಗ ಕೆಟ್ಟು ನಿಂತಿದ್ದವು. ರಿಪೇರಿಗೆ ಬಂದ ಹೊಸ ಜಾಬರ ಹೊತ್ತೇರುವವರೆಗೆ ಬಡಿದಾಡಿದ. ಮೊದಲು ಆ ಕೆಲಸ ಮಾಡುತ್ತಿದ್ದ ನಿನ್ನ ಅಣ್ಣ ಸೂರಜನ ಹೆಸರನ್ನು ಯಾರೂ ಎತ್ತಲಿಲ್ಲ. ಎಲ್ಲರೂ ಒಮ್ಮೆ ನನ್ನ ಕಡೆ ನೋಡಿ ತಮ್ಮ ತಮ್ಮ ಮಗ್ಗಕ್ಕೆ ತಿರುಗಿಕೊಂಡರು. ನಿನ್ನ ಅವ್ವ ಮನೆಯಲ್ಲಿಲ್ಲ. ಪಕ್ಕದ ಮನೆಯ ಹಣಮವ್ವನನ್ನು ಕರೆದುಕೊಂಡು ಫೋಟೋ ತೆಗೆಸಲು ಹೋಗಿದ್ದಾಳೆ. ಅದು ಯಾಕೆ ಎಂದು ಮುಂದೆ ಬರೆಯುತ್ತೇನೆ.

ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಆ ಫೋನನ್ನು ಕಂಡರೇ ನಿನಗೆ ಆಗುವುದಿಲ್ಲ ಎಂದು ಅಳಿಯಂದಿರು ಹೇಳಿದರು. ಅದಕ್ಕೆ ಕಾಗದ ಹಿಡಿದೆ. ನೀನು ಮರಾಠಿ ಶಾಲೆ ಕಲಿತವಳು, ನನ್ನ ಓದು ಕನ್ನಡ ಏಳನೆಯ ಇಯತ್ತೆಗೆ ನಿಂತದ್ದು. ಆದರೆ ಈ ಅಕ್ಷರಗಳನ್ನು ನೂಲಿನ ಕಾಂಡಿ ಸುತ್ತುವ ಹೊತ್ತಿನಲ್ಲಿ ನಾನೇ ನಿನಗೆ ಕಲಿಸಿದ್ದೇನೆ. ನಿಧಾನವಾಗಿ ಓದು. ಯಾರಿಂದಲೂ ಓದಿಸಬೇಡ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ತಾಳಿಕೋ. ಒಂದರ ಹಿಂದೆ ಒಂದು ಬರೆದರೆ ನಿನ್ನ ತಪ್ಪು ಎಲ್ಲಿಯೂ ಇಲ್ಲವೆಂದು ಕಾಣುತ್ತದೆ ಎಂದು ನನ್ನ ನಂಬಿಕೆ.

ನಿನ್ನ ಅಣ್ಣ ಹೊಸ ಮಗ್ಗ ಕೂಡಿಸಲು ಶ್ರೀಲಂಕಾದ ಬಟ್ಟೆ ಗಿರಣಿಗೆ ಹೋದ. ದೀಪಾವಳಿಗೆ ಬರಲಿಲ್ಲ, ಕೆಲಸ ಮುಗಿಸಿ ಸಂಕ್ರಾಂತಿಗೆ ಬರುತ್ತೇನೆ ಎಂದ. ನವೆಂಬರ್ ಕೊನೆಗೆ ಅಲ್ಲಿ ತುಫಾನು ಬಂತು, ಗುಡ್ಡಗಳು ಜಾರಿದವು, ಅವನ ಫೋನ್ ಹತ್ತಲಿಲ್ಲ. ನೀನು ಗಡಹಿಂಗ್ಲಜದಿಂದ ಓಡಿ ಬಂದೆ. ನಾವೆಲ್ಲ ಟಿ.ವಿ. ಮುಂದೆ ಕುಳಿತೆವು. ನಮ್ಮ ಸರಕಾರದ ವಿಮಾನಗಳು ಅಲ್ಲಿ ಇಳಿಯುವುದನ್ನು ತೋರಿಸುತ್ತಿದ್ದರು. ಅಕ್ಕಿ, ತಾಡಪತ್ರಿ, ಔಷಧ, ನಾಯಿಗಳನ್ನು ಹಿಡಿದುಕೊಂಡ ರಕ್ಷಣಾ ತಂಡದ ಹುಡುಗರು. ನಮ್ಮ ಶೇಟಜಿ ಕುಂಥುನಾಥ ಅವರು ಶೆಡ್ಡು ಬಿಟ್ಟು ಮನೆಗೆ ಬಂದು, "ಚಿಂತಿ ಮಾಡಬ್ಯಾಡ ಕಾಡಪ್ಪ, ನಮ್ಮ ಮಂದಿ ಹೋಗ್ಯಾರ, ತಗದ ತರತಾರ" ಎಂದು ಧೈರ್ಯ ಹೇಳಿದರು. ಆ ವಿಮಾನ ಕಂಡಾಗಲೆಲ್ಲ ನಿನ್ನ ಅವ್ವ ಕೈ ಮುಗಿಯುತ್ತಿದ್ದಳು. ಅವರು ನಿಜವಾಗಿಯೂ ತೆಗೆದರು. ಜೀವ ಇರಲಿಲ್ಲ, ಅಷ್ಟೇ.

ಫೋನ್ ನಿನಗೆ ಬಂತು, ಯಾಕೆಂದರೆ ಸೂರಜ ಗಿರಣಿಯಲ್ಲಿ ನಿನ್ನ ನಂಬರ್ ಕೊಟ್ಟಿದ್ದ. ಮಾತಾಡಿದವನು ರಕ್ಷಣಾ ತಂಡದ ಅಭಿಜಿತ, ಸಾತಾರದ ಕಡೆಯ ಹುಡುಗ. ಮರಾಠಿ ಬರುತ್ತದೆಂದು ಅಧಿಕಾರಿಗಳು ಅವನ ಕೈಯಲ್ಲೇ ಮಾತಾಡಿಸಿದರು. ರಸ್ತೆ ಕೊಚ್ಚಿ ಹೋಗಿದೆ, ಆಸ್ಪತ್ರೆಯಲ್ಲಿ ಕರೆಂಟಿಲ್ಲ, ಹೆಣ ಇಡುವ ಹಾಗಿಲ್ಲ, ಹೆಲಿಕಾಪ್ಟರು ಗಾಯಾಳುಗಳಿಗೇ ಸಾಲುತ್ತಿಲ್ಲ ಎಂದ. ಚಹಾ ತೋಟದ ತಮಿಳು ಜನರ ದೇವಸ್ಥಾನ ಇದೆ, ಪೂಜಾರಿ ಇದ್ದಾರೆ, ನೀವು ಒಪ್ಪಿದರೆ ಅಂತ್ಯಸಂಸ್ಕಾರ ಇಲ್ಲೇ ಮಾಡುತ್ತೇವೆ, ಯಾವುದಕ್ಕೂ ಕಡಿಮೆ ಮಾಡುವುದಿಲ್ಲ ಎಂದ. ನೀನು ನಮ್ಮ ಮುಖ ನೋಡಿದೆ. ನಾನಿದ್ದೆ, ಅವ್ವ ಇದ್ದಳು, ಅಳಿಯಂದಿರಿದ್ದರು, ನಮ್ಮ ಸಮಾಜದ ಹಿರಿಯ ಗುರಣ್ಣ ಇದ್ದ. ಎಲ್ಲರೂ ಗೋಣು ಹಾಕಿದೆವು. ನೀನು "ಹೋ ದಾದಾ, ಕರಾ" ಎಂದೆ, ಹೂಂ ಅಣ್ಣ, ಮಾಡಿ ಎಂದು.

ನಾವು ಹೂಳುವ ಜನ ಎಂದು ಅಲ್ಲಿ ಕುಳಿತವರಲ್ಲಿ ಒಬ್ಬರಿಗೂ ಹೇಳಬೇಕೆನ್ನಿಸಲಿಲ್ಲ. ಸತ್ತವನನ್ನು ಕೂಡ್ರಿಸಿ, ಎಡಗೈಯಲ್ಲಿ ಲಿಂಗ ಕೊಟ್ಟು, ವಿಭೂತಿ ಹಾಕಿ, ಮಣ್ಣು ಎಳೆಯುವುದು ಬಿಟ್ಟು ಬೇರೆ ರೀತಿ ನಮ್ಮ ಮನೆತನದಲ್ಲಿ ಯಾರೂ ಕಂಡಿಲ್ಲ. ಅನ್ನವನ್ನು ಬಾಯಿಂದ ಉಣ್ಣಿ ಎಂದು ಯಾರಾದರೂ ಹೇಳಿ ಕೊಡುತ್ತಾರೆಯೇ? ಆ ಹುಡುಗನಿಗೂ ಹಾಗೆಯೇ. ಅವರ ಕಡೆ ಸುಡುತ್ತಾರೆ, ಅವನಿಗೂ ಕೇಳಬೇಕೆನ್ನಿಸಲಿಲ್ಲ. ಇದರಲ್ಲಿ ಯಾರ ತಪ್ಪು ಹಿಡಿಯಲಿ?

ಎರಡು ದಿನ ನಿನ್ನ ಅವ್ವ ಬಾಯಿಗೆ ನೀರು ಹಾಕಲಿಲ್ಲ. ಎರಡನೆಯ ದಿನ ಸಂಜೆ ನೀನು ಫೋನ್ ಹಿಡಿದುಕೊಂಡು ಹೊರಗೆ ಹೋಗಿ, ಮುಖ ತೊಳೆದುಕೊಂಡು ಬಂದು ಅವಳ ಮುಂದೆ ಕುಳಿತು ಹೇಳಿದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. "ಅವ್ವಾ, ಛಲೋ ಜಾಗಾ ಸಿಕ್ಕೈತಿ. ಎತ್ತರದ ಗುಡ್ಡ, ಸುತ್ತಲೂ ಚಹಾದ ಗಿಡಾ. ಲಿಂಗ ಕೈಯಾಗ ಕೊಟ್ಟ ಕೂಡ್ರಿಸ್ಯಾರಂತ. ಮ್ಯಾಲ ಒಂದ ಕಲ್ಲ ಇಟ್ಟಾರಂತ." ಅವಳು ಮತ್ತೆ ಮತ್ತೆ ಕೇಳಿದಳು, ನೀನು ಮತ್ತೆ ಮತ್ತೆ ಹೇಳಿದೆ. ಆಮೇಲೆ ಅವಳು ಅರ್ಧ ಭಕ್ರಿ ತಿಂದಳು.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಕೊಲ್ಹಾಪುರದಿಂದ ಕರೆ ಬಂತು, ಕಲೆಕ್ಟರ್ ಕಚೇರಿಗೆ ಹೋದೆ. ಅಲ್ಲಿಯ ಅಧಿಕಾರಿ ಬಾಯಿಸಾಹೇಬರು ಎದ್ದು ನಿಂತು ಕುರ್ಚಿ ಕೊಟ್ಟರು, "ಬಸಾ ಕಾಕಾ" ಎಂದು ಚಹಾ ತರಿಸಿದರು. ನಾನು ಅವನ ಬಟ್ಟೆಬರೆ ಬಂದಿರಬಹುದು ಎಂದುಕೊಂಡಿದ್ದೆ. ಬಿಳಿ ಬಟ್ಟೆಯಲ್ಲಿ ಬಾಯಿ ಕಟ್ಟಿದ ತಾಮ್ರದ ಗಡಿಗೆ ಕೊಟ್ಟರು, ಜೊತೆಗೆ ಒಂದು ಸಣ್ಣ ಪಾಕೀಟು. ಬಸ್ಸಿನಲ್ಲಿ ಗಡಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಪಕ್ಕದ ಹೆಣ್ಣುಮಗಳು "ತೂಪ ಆಹೇ ಕಾ?" ಎಂದು ಕೇಳಿದಳು. ತುಪ್ಪ ಎಂದೇ ಅಂದೆ. ಬೂದಿ ಎಂದರೆ ಆಕೆ ಎದ್ದು ನಿಂತೇ ಇಚಲಕರಂಜಿಯವರೆಗೆ ಬರಬೇಕಾಗುತ್ತಿತ್ತು.

ಮನೆಯಲ್ಲಿ ನಡೆದದ್ದು ನಿನ್ನ ಕಣ್ಣ ಮುಂದೆಯೇ ನಡೆಯಿತು. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಇದು ನನ್ನ ಮಗ ಅಲ್ಲ. ನನ್ನ ಮಗ ಗುಡ್ಡದ ಮ್ಯಾಲ ಅದಾನ, ವೃಷಾಲಿ ಹೇಳ್ಯಾಳ. ಅಷ್ಟ ಮಂದಿ ಸತ್ತಾರ, ಯಾರದೋ ತಪ್ಪಿ ಬಂದೈತಿ." ನೀನು ಚೀಲ ಎತ್ತಿಕೊಂಡೆ. ಅಳಿಯಂದಿರ ಗಾಡಿ ಹತ್ತಿ ಹೋದವಳು ಇನ್ನೂ ಬಂದಿಲ್ಲ.

ಪಾಕೀಟಿನಲ್ಲಿ ಅವನ ಕೊರಳಿನ ಬೆಳ್ಳಿಯ ಕರಡಿಗೆ ಇತ್ತು. ಕರಡಿಗೆ ಬೇರೆ, ಲಿಂಗ ಅವನ ಕೈಯಲ್ಲಿದೆ ಎನ್ನುತ್ತಾಳೆ ಅವ್ವ. ಮುಚ್ಚಳ ತೆಗೆದು ನೋಡಲು ಒಲ್ಲಳು. ನಾನು ತೆಗೆದು ನೋಡಿದ್ದೇನೆ. ಲಿಂಗ ಅದರೊಳಗೇ ಇದೆ.

ಗಡಿಗೆಯನ್ನು ಶೆಡ್ಡಿನ ಪೂಜೆಯ ಕಪಾಟಿನಲ್ಲಿ ಇಡಲು ಶೇಟಜಿ ಜಾಗ ಕೊಟ್ಟಿದ್ದಾರೆ. ಹತ್ತಿಯ ಎಳೆ ಹಾರಿ ಬಂದು ಅದರ ಮೇಲೆ ಕೂಡುತ್ತದೆ. ಪಾಳಿಗೆ ಹೋದಾಗ ಒರೆಸುತ್ತೇನೆ. ಆ ಕಡೆ ಹಾಯುವವರು ಚಪ್ಪಲಿ ಕಳೆದು ಹಾಯುತ್ತಾರೆ. ಗುರಣ್ಣ ಬಂದು ನೋಡಿದ. ಹೊಳೆಗೆ ಬಿಡುವುದು ಬೇಡ, "ಮಣ್ಣಾಗ ಕೂಡ್ರಸೂಣು, ಲಿಂಗಾ ಮ್ಯಾಲ ಇಡೂಣು, ಎಲ್ಲಾರಗತೆ ಅಂವಗೂ ಒಂದ ಜಾಗಾ ಆಗಲಿ" ಎಂದ. ಆದರೆ ಹೆತ್ತವಳು ಒಲ್ಲೆ ಎನ್ನುವಾಗ ಯಾರು ಗುದ್ದಲಿ ಹಿಡಿಯುತ್ತಾರೆ?

ಈಗ ಫೋಟೋದ ಮಾತು. ನಿನ್ನ ಅವ್ವ ದಿನವೂ ಲಂಕಾದ ಸುದ್ದಿ ಕೇಳುತ್ತಾಳೆ. ನಮ್ಮ ಸೈನ್ಯದವರು ಅಲ್ಲಿ ಹೊಳೆ ದಾಟಲು ಕಬ್ಬಿಣದ ಪೂಲು ಕೂಡಿಸಿದ್ದಾರೆಂದು ಟಿ.ವಿ.ಯಲ್ಲಿ ಬಂದ ದಿನ ಅವಳ ಮುಖ ನೋಡಬೇಕಿತ್ತು. "ರಸ್ತಾ ಆತು. ಇನ್ನ ಹೋಗಾಕ ಬರತೈತಿ" ಎಂದಳು. ಗುಡ್ಡಕ್ಕೆ ಹೋಗಬೇಕಂತೆ, ಕಲ್ಲಿಗೆ ನೀರು ಹಾಕಿ ಬಿಲ್ವಪತ್ರಿ ಇಟ್ಟು ಬರಬೇಕಂತೆ. ಪಕ್ಕದ ಮನೆಯ ಹಣಮವ್ವ, "ಚೆನ್ನವ್ವ ಲಂಕಾಕ ಹೊಂಟಾಳ, ನಮಗ ಬರುಮುಂದ ಬಂಗಾರ ತರ ಮತ್ತ" ಎಂದು ನಗಿಸಲು ನೋಡಿದಳು. ಅವ್ವನೂ ನಕ್ಕಳು. ಅವಳು ನಕ್ಕದ್ದು ಎಷ್ಟೋ ದಿನದ ಮೇಲೆ, ಅದೇ ನನ್ನ ಎದೆ ಒಡೆಯಿತು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿದ್ದಾಳೆ. ಜನವರಿ ಹನ್ನೆರಡಕ್ಕೆ ಕೊಲ್ಹಾಪುರಕ್ಕೆ ಕರೆದಿದ್ದಾರೆ.

ಇಲ್ಲದ ಜಾಗಕ್ಕೆ ಹೋಗಲು ಅವಳು ಸಿದ್ಧಳಾಗುತ್ತಿದ್ದಾಳೆ, ವೃಷಾಲಿ. ನಾನು ಎರಡು ಸಲ ಹೇಳಲು ಬಾಯಿ ತೆರೆದೆ. ನನ್ನ ಮಾತು ನಂಬುವುದಿಲ್ಲ, ನಿನ್ನ ಮಾತು ನಂಬಿದ್ದಾಳೆ. ಆ ಹನ್ನೆರಡರೊಳಗೆ ಬಂದು ನೀನೇ ಹೇಳು. ಅವಳು ಅತ್ತರೆ ಅಳಲಿ, ನಾನಿರುತ್ತೇನೆ.

ಅಳಿಯಂದಿರಿಗೂ ನಿಮ್ಮ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಪ್ಪ
ಕಾಡಪ್ಪ

*

ಶಹಾಪುರ
೧೧ ಜನವರಿ ೨೦೨೬, ರವಿವಾರ

ಚಿ. ಸೌ. ವೃಷಾಲಿಗೆ ಆಶೀರ್ವಾದಗಳು.

ಈಗ ಸಂಜೆ ನಾಲ್ಕೂವರೆ. ಇವತ್ತು ಪಾಳಿಗೆ ಹೋಗಲಿಲ್ಲ. ಮುಂಜಾನೆ ಗುರಣ್ಣನ ಮನೆಗೆ ಹೋಗಿ ಬಂದೆ, ಆಮೇಲೆ ಶೆಡ್ಡಿಗೆ ಹೋಗಿ ಶೇಟಜಿಯವರ ಹತ್ತಿರ ನಾಲ್ಕು ದಿನದ ಸೂಟಿ ಕೇಳಿಕೊಂಡು ಬಂದೆ. ಸಿದ್ರಾಮನ ಟೆಂಪೋ ಈಗ ನೂಲು ಹೇರಿಕೊಂಡು ಗಡಹಿಂಗ್ಲಜದ ಕಡೆ ಹೊರಡುತ್ತದೆ. ಅವನು ಬಂದು ಹಾರ್ನ್ ಹೊಡೆಯುವುದರೊಳಗೆ ಇದನ್ನು ಬರೆದು ಅವನ ಕೈಯಲ್ಲಿ ಕೊಡಬೇಕು, ಅಕ್ಷರ ಕೆಟ್ಟರೆ ತಾಳಿಕೋ.

ನನ್ನ ಮೊದಲಿನ ಕಾಗದ ಮುಟ್ಟಿತೆಂದು ಅಳಿಯಂದಿರು ಹೇಳಿದರು. ನೀನು ಓದಿ, ಮಡಚಿ, ಅಡಿಗೆ ಮನೆಗೆ ಹೋದೆ ಎಂದರು. ಉತ್ತರ ಬರಲಿಲ್ಲ ಎಂದು ನಾನು ಸಿಟ್ಟಾಗಿಲ್ಲ.

ನಿನ್ನೆ ಅಭಿಜಿತ ನಮ್ಮ ಮನೆಗೆ ಬಂದಿದ್ದ. ರಜೆಯ ಮೇಲೆ ಊರಿಗೆ ಬಂದವನು, ತನ್ನ ತಾಯಿಗೆ ಹೇಳಿ, ಬಸ್ಸು ಬದಲಿಸುತ್ತ ಶಹಾಪುರ ಹುಡುಕಿಕೊಂಡು ಬಂದಿದ್ದಾನೆ. ನಾನು ಅವನು ದೊಡ್ಡ ಆಳು ಎಂದುಕೊಂಡಿದ್ದೆ. ನಮ್ಮ ಸೂರಜನಿಗಿಂತ ಸಣ್ಣವನು, ಗಡ್ಡ ಇನ್ನೂ ಸರಿಯಾಗಿ ಬಂದಿಲ್ಲ. ಬಾಗಿಲಲ್ಲಿ ನಿಂತು ಹೆಸರು ಹೇಳಿದ. ಅವ್ವ ಒಳಗಿನಿಂದ ಬಂದು ಯಾರು ಎಂದು ಕೇಳಿದಳು. ನಾನು ಹೇಳುವುದರೊಳಗೆ ಅವನು ಬಗ್ಗಿ ಅವಳ ಕಾಲು ಮುಟ್ಟಿದ.

ಅವಳು ಅವನನ್ನು ಕೂಡ್ರಿಸಿ ಝುಣಕ ಭಕ್ರಿ ಮಾಡಿ ಬಡಿಸಿದಳು. ಹಣಮವ್ವ ಬಂದು ಮದುವೆ ಆಗಿದೆಯೋ ಇಲ್ಲವೋ ಎಂದು ವಿಚಾರಿಸಿದಳು. ಇಲ್ಲ ಎಂದದ್ದಕ್ಕೆ, ಇಂಥ ಕೆಲಸದವನಿಗೆ ಯಾರು ಹೆಣ್ಣು ಕೊಡುತ್ತಾರೆ, ಇವತ್ತು ಇಲ್ಲಿ ನಾಳೆ ಭೂಕಂಪದಲ್ಲಿ ಎಂದಳು. ಅವನು ನಕ್ಕು, ನಮ್ಮ ಆಯಿಯೂ ಇದನ್ನೇ ಹೇಳುತ್ತಾಳೆ ಎಂದ. ಊಟ ಮುಗಿದು ಹಣಮವ್ವ ಹೋದ ಮೇಲೆ ಅವ್ವ ಅವನ ಎದುರು ಕುಳಿತಳು. ಆ ಗುಡ್ಡ ಹೇಗಿದೆ, ಬಿಸಿಲು ಬೀಳುತ್ತದೆಯೋ ಎಂದು ಕೇಳಿದಳು. ಯಾವ ಗುಡ್ಡದ ಮಾತು ಎಂದು ಅವನಿಗೆ ತಿಳಿಯಲಿಲ್ಲ. ಆಗ ಅವಳು ನನ್ನ ಕಡೆ ನೋಡದೆ, ಮರಾಠಿಯಲ್ಲಿ ಬಿಡಿಸಿ ಕೇಳಿದಳು. ನನ್ನ ಮಗನನ್ನು ಕೊನೆಗೆ ಏನು ಮಾಡಿದಿರಿ, ಯಾರು ಮಾಡಿದರು?

"ಆಯಿ, ಅಗ್ನಿ ಮೀಚ ದಿಲಾ" ಎಂದ. ಅಗ್ನಿ ಕೊಟ್ಟವನು ತಾನೇ. ಮನೆಯವರು ಯಾರೂ ಇಲ್ಲ, ಪರದೇಶದಲ್ಲಿ ಪರರು ಕೊಡಬಾರದು ಎಂದು ತಮ್ಮನ ಹಾಗೆ ನಿಂತು ತಾನೇ ಕೊಟ್ಟನಂತೆ. ಒಣ ಕಟ್ಟಿಗೆ ಆ ಮಳೆಯಲ್ಲಿ ಎಲ್ಲಿಯೂ ಇರಲಿಲ್ಲ. ತೋಟದ ಜನ ತಮ್ಮ ಬಿದ್ದ ಮನೆಗಳ ತೊಲೆಗಳನ್ನು ಹೊತ್ತು ತಂದು ಕೊಟ್ಟರಂತೆ. ತಂಡದ ಹುಡುಗರೆಲ್ಲ ಸಾಲಾಗಿ ನಿಂತು ಸಲಾಮು ಮಾಡಿದರಂತೆ. ಸೂರಜನ ಕೊರಳಲ್ಲಿ ಬೆಳ್ಳಿಯ ಡಬ್ಬಿ ಇತ್ತು, ಬೆಂಕಿಯಲ್ಲಿ ಹಾಳಾಗಬಾರದು, ತಾಯಿಗೆ ಮಗನ ಗುರುತು ಇರಲಿ ಎಂದು ಬಿಚ್ಚಿ ಎತ್ತಿಟ್ಟನಂತೆ. ಮುಚ್ಚಳ ಸಹ ತೆಗೆಯಲಿಲ್ಲ ಎಂದ. ಹೇಳುವಾಗ ಅವನ ಕಣ್ಣುಗಳು ತುಂಬಿದ್ದವು. ತಾನು ಏನನ್ನೂ ಕಡಿಮೆ ಮಾಡಲಿಲ್ಲ ಎಂದು ತಾಯಿಗೆ ತಿಳಿಯಬೇಕು, ಅದಕ್ಕೇ ಅಷ್ಟು ದೂರದಿಂದ ಬಂದಿದ್ದ.

ನಿನ್ನ ಅವ್ವ ಅಲ್ಲಾಡಲಿಲ್ಲ. ಈಗ ಚೀರುತ್ತಾಳೆ, ಈಗ ಅವನ ಮೈಮೇಲೆ ಹೋಗುತ್ತಾಳೆ ಎಂದು ನಾನು ಅರ್ಧ ಎದ್ದಿದ್ದೆ. ಅವನು ಮೂಗು ಒರೆಸಿಕೊಂಡು ಕೇಳಿದ, "ಆಯಿ, ರಕ್ಷಾ ಕುಠಂ ಸೋಡಲೀ?" ಬೂದಿ ಎಲ್ಲಿ ಬಿಟ್ಟಿರಿ ಎಂದು.

"ವಾಡೀಲಾ, ಸಂಗಮಾವರ" ಎಂದಳು ನಿನ್ನ ಅವ್ವ. ನರಸೋಬಾವಾಡಿಯ ಸಂಗಮದಲ್ಲಿ ಬಿಟ್ಟೆವಂತೆ. ನೀರು ತುಂಬ ಇತ್ತಂತೆ, ಬಿಟ್ಟ ಕೂಡಲೇ ಹರಿದು ಹೋಯಿತಂತೆ. ನಾನು ಬಾಯಿ ತೆರೆದೆ. ಅವಳು ಕಣ್ಣಿನಲ್ಲೇ ನನ್ನನ್ನು ಸುಮ್ಮನಿರಿಸಿದಳು. ಗಡಿಗೆ ಎರಡು ಗಲ್ಲಿ ಆಚೆ ಶೆಡ್ಡಿನ ಕಪಾಟಿನಲ್ಲಿತ್ತು. ಆಮೇಲೆ ಅವಳು ಅವನ ತಲೆಯ ಮೇಲೆ ಕೈಯಿಟ್ಟು, "ಚಾಂಗಲಂ ಕೇಲಂಸ ಬಾಳಾ" ಎಂದಳು. ಒಳ್ಳೆಯದು ಮಾಡಿದೆ ಮಗನೇ ಎಂದು. ಆ ಹುಡುಗ ಅವಳ ಮಡಿಲಲ್ಲಿ ಮುಖ ಇಟ್ಟು ಅತ್ತ.

ಅವನನ್ನು ಸ್ಟ್ಯಾಂಡಿಗೆ ಬಿಟ್ಟು ನಾನು ತಿರುಗಿ ಬರುವ ಹೊತ್ತಿಗೆ ಅವಳು ಹೊಸ್ತಿಲಲ್ಲಿ ಕುಳಿತಿದ್ದಳು. ಕರಡಿಗೆ ತೆರೆದು ಮಡಿಲಲ್ಲಿ ಇಟ್ಟುಕೊಂಡಿದ್ದಳು. ನಾನು ಪಕ್ಕದಲ್ಲಿ ಕುಳಿತೆ.

"ಆ ಹುಡುಗಗ ನಾ ಸುಳ್ಳ ಹೇಳಿದ್ನಿ" ಎಂದಳು.

ನಾನು ಹೂಂ ಎಂದೆ.

"ನಾವು ಹುಗಿಯೂ ಮಂದಿ ಅಂತ ಹೇಳಿದ್ರ ಅಂವ ಸಾಯೂತನಕ ಅದನ್ನ ಹೊತಗೊಂಡ ತಿರಗತಿದ್ದ. ಅಂವಂದೇನ ತಪ್ಪ?"

ಪಕ್ಕದ ಶೆಡ್ಡಿನಲ್ಲಿ ಪಾಳಿ ಬದಲಾಗಿ ಮಗ್ಗಗಳು ಒಂದೊಂದಾಗಿ ಶುರುವಾದವು. ಆ ಸದ್ದಿನಲ್ಲಿ ಅವಳು ಏನೋ ಅಂದಳು, ನಾನು ಬಗ್ಗಿ ಮತ್ತೆ ಕೇಳಿದೆ.

"ವೃಷಾಲಿನೂ ನನಗ ಹಿಂಗ ಹೇಳ್ಯಾಳ" ಎಂದಳು. "ನಾ ಉಣಲಿ ಅಂತ ಹೇಳ್ಯಾಳ. ನಾ ಅಕಿ ಮುಖಾ ಸುದ್ದಾ ನೋಡಲಿಲ್ಲ, ಬಾಗಲದಾಗ ನಿಂತ ಒದರಿದ್ನಿ. ಅಕಿ ಸಣ್ಣಾಕಿ ಅದಾಳರೀ."

ನಾಳೆ ಪಾಸ್‌ಪೋರ್ಟಿಗೆ ಕೊಲ್ಹಾಪುರಕ್ಕೆ ಹೋಗಬೇಕಿತ್ತು. ಅದು ಬೇಡ ಎಂದಳು. ಗಡಹಿಂಗ್ಲಜಕ್ಕೆ ಹೋಗೋಣ, ನೀನು ಬರುವವರೆಗೆ ಸೂರಜನಿಗೆ ಮಣ್ಣು ಕೊಡುವುದು ಬೇಡ ಎಂದಳು. ಇವತ್ತು ಮುಂಜಾನೆ ಗುರಣ್ಣನಿಗೆ ಹೇಳಿ ಬಂದೆ. ನಮ್ಮ ರುದ್ರಭೂಮಿಯಲ್ಲಿ ಜಾಗ ತೋರಿಸಿದ. ಗಡಿಗೆ ಸಣ್ಣದಾದರೂ ಕುಣಿ ಸಣ್ಣದು ತೋಡುವುದಿಲ್ಲ, ಕುಳಿತ ಮನುಷ್ಯನಿಗೆ ಎಷ್ಟು ಬೇಕೋ ಅಷ್ಟೇ ತೋಡಿಸುತ್ತೇನೆ ಎಂದ. ಗಡಿಗೆಯನ್ನು ಮನೆಗೆ ತಂದಿದ್ದೇನೆ. ನಿನ್ನ ಅವ್ವ ಅದನ್ನು ಒರೆಸಿ, ವಿಭೂತಿ ಹಚ್ಚಿ, ಸೂರಜ ಮಲಗುತ್ತಿದ್ದ ಮೂಲೆಯಲ್ಲಿ ಇಟ್ಟಿದ್ದಾಳೆ. ಹತ್ತಿರ ಕುಳಿತು ಅಳುತ್ತಿದ್ದಾಳೆ. ಸುದ್ದಿ ಬಂದಾಗಿನಿಂದ ಅವಳು ಹೀಗೆ ಅತ್ತಿರಲಿಲ್ಲ. ನಾನು ಬಿಡಿಸಲು ಹೋಗಿಲ್ಲ.

ನಾವು ಬಂದಾಗ ಬಾಗಿಲು ಹಾಕಿಕೊಳ್ಳಬೇಡ. ನೀನೇನೂ ಹೇಳಬೇಕಾಗಿಲ್ಲ. ಅವಳು ಏನೂ ಕೇಳುವುದಿಲ್ಲ. ಎರಡು ಸೀರೆ ಚೀಲದಲ್ಲಿ ಹಾಕಿಕೊಂಡು ನಮ್ಮ ಜೊತೆ ಬಾ. ನಿನ್ನ ಸಂಸಾರ ತಂಪಾಗಿರಲಿ, ನಿನ್ನ ಮನಸ್ಸಿಗೆ ನಿದ್ದೆ ಬರಲಿ.

ನಿನ್ನ ಅಪ್ಪ
ಕಾಡಪ್ಪ

ತಾ. ಕ.: ಇದು ನಿನಗೆ ಮಾತ್ರ. ನಿನ್ನೆ ಸ್ಟ್ಯಾಂಡ್‌ನಲ್ಲಿ ಬಸ್ಸಿಗೆ ಕಾಯುವಾಗ ಅಭಿಜಿತ ನನ್ನನ್ನು ಕೇಳಿದ, ತಾಯಿಗೆ ಕಳಿಸಿದ್ದನ್ನು ನೀವು ನೋಡಿದಿರಾ ಕಾಕಾ ಎಂದು. ತಾಯಿ ಎಂದರೆ ಅವರ ಮಾತಿನಲ್ಲಿ ಅಕ್ಕ, ನಿನ್ನನ್ನೇ ಹಾಗೆ ಕರೆದ. ಅಗ್ನಿ ಕೊಟ್ಟ ದಿನವೇ ಮೊದಲಿನಿಂದ ಕೊನೆಯವರೆಗೆ ಫೋನಿನಲ್ಲಿ ವಿಡಿಯೋ ತೆಗೆದು ನಿನಗೆ ಕಳಿಸಿದ್ದನಂತೆ, ಮನೆಯವರಿಗೆ ಕೊನೆಯ ದರ್ಶನ ಆಗಲಿ ಎಂದು. ಬೂದಿ ಬರುತ್ತದೆ ಎಂದೂ ತಿಳಿಸಿದ್ದನಂತೆ. ನೀನು ತಿರುಗಿ ಫೋನ್ ಮಾಡಿ, ಇದನ್ನು ಆಯಿಗೆ ತೋರಿಸು ಎಂದು ಮಾತ್ರ ಹೇಳಬೇಡಿ ಎಂದಷ್ಟೇ ಅಂದೆಯಂತೆ. ಅಂದರೆ ಆ ಸಂಜೆ ಹೊರಗೆ ನಿಂತು ನೀನು ಬೆಂಕಿಯನ್ನು ಪೂರ್ತಿ ನೋಡಿ, ಆಮೇಲೆ ಮುಖ ತೊಳೆದುಕೊಂಡು ಒಳಗೆ ಬಂದು, ಅವಳಿಗೆ ಚಹಾದ ಗಿಡಗಳ ಮಾತು ಹೇಳಿದೆ. ಇಷ್ಟು ದಿನ ಅದನ್ನು ಒಬ್ಬಳೇ ಇಟ್ಟುಕೊಂಡಿದ್ದೀ. ನಿನ್ನ ಅವ್ವನಿಗೆ ಇದು ಗೊತ್ತಿಲ್ಲ, ನಾನು ಹೇಳುವುದೂ ಇಲ್ಲ. ಅದನ್ನು ಅಳಿಸಬೇಡ. ಬೆಂಕಿಗಿಂತ ಮೊದಲು ಅದರಲ್ಲಿ ಅವನ ಮುಖ ಕಾಣುತ್ತದಂತೆ. ಅಷ್ಟನ್ನು ನನಗೆ ತೋರಿಸು. ನಾನು ಅವನ ಮುಖ ನೋಡಿಲ್ಲ, ವೃಷಾಲಿ. ನಾಳೆ ಮುಂಜಾನೆ ಏಳೂವರೆಯ ಬಸ್ಸಿಗೆ ನಾವಿಬ್ಬರೂ ಹತ್ತುತ್ತೇವೆ.